ತುಂಗಭದ್ರೆಯ ದಡದ ಟಿವಿ ಗೇಮ್: ಹಳೆಯ ಯಂತ್ರಗಳಲ್ಲಿ ಮೇಲು ಯಾವುದು?

ಹಳೆಯ ವಿಡಿಯೋ ಗೇಮ್ ಯಂತ್ರಗಳಲ್ಲಿ ಯಾವುದು ಶ್ರೇಷ್ಠ ಎಂಬ ವಾದಕ್ಕೆ ಹೊರಗಿನ ಜಗತ್ತಿನಲ್ಲಿ ಒಂದು ಸಿದ್ಧ ಪಟ್ಟಿ ಇದೆ. ನಿಂಟೆಂಡೊದ ಎನ್‌ಇಎಸ್, ಸೆಗಾದ ಮೆಗಾ ಡ್ರೈವ್, ಸೂಪರ್ ನಿಂಟೆಂಡೊ, ಸೋನಿಯ ಪ್ಲೇಸ್ಟೇಷನ್: ವಾದಿಸುವವರು ಅಮೆರಿಕದವರಿರಲಿ ಇಂಗ್ಲೆಂಡಿನವರಿರಲಿ, ಈ ನಾಲ್ಕೈದು ಹೆಸರುಗಳನ್ನೇ ಹಿಂದೆಮುಂದೆ ಮಾಡುತ್ತಾರೆ. ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರಿನ ಕಡೆ 1990ರ ದಶಕದಲ್ಲಿ ಬೆಳೆದವರು ಈ ವಾದಕ್ಕೆ ಕುಳಿತರೆ ಮೊದಲ ತೊಡಕು ಅಲ್ಲೇ ಎದುರಾಗುತ್ತದೆ. ಅವರ ಓಣಿಯಲ್ಲಿ ಯಾರದೋ ಮನೆಯ ಟಿವಿ ಮುಂದಿದ್ದ ಯಂತ್ರ ಆ ಪಟ್ಟಿಯಲ್ಲಿಲ್ಲ. ಅದರ ಮೇಲಿದ್ದ ಹೆಸರು ಸಮುರಾಯ್, ಲಿಟಲ್ ಮಾಸ್ಟರ್, ಮೀಡಿಯಾ, ಇಲ್ಲವೇ ಟರ್ಮಿನೇಟರ್. ಎರಡು ರಿಮೋಟು, ಒಂದು ಗನ್ನು, ಒಂದೆರಡು ಹಳದಿ ಕ್ಯಾಸೆಟ್ಟು. ಎಲ್ಲರೂ ಅದನ್ನು ಕರೆದದ್ದು ಟಿವಿ ಗೇಮ್ ಎಂದೇ.

ಪಟ್ಟಿಯಲ್ಲಿಲ್ಲದ ಈ ಯಂತ್ರವನ್ನು ವಾದದೊಳಗೆ ತರುವುದು ಈ ಟಿಪ್ಪಣಿಯ ಕೆಲಸ. ತಂದ ಮೇಲೆ ಅದು ಬರೀ ಸ್ಥಾನ ಗಿಟ್ಟಿಸಿಕೊಳ್ಳುವುದಿಲ್ಲ, ನಮ್ಮ ಸೀಮೆಯ ಮಟ್ಟಿಗೆ ಗೆಲ್ಲುತ್ತದೆ ಎಂಬುದು ನನ್ನ ವಾದ. ಬಾಲ್ಯದ ಮಮತೆಯನ್ನು ಸಾಕ್ಷಿಯಾಗಿ ಕರೆಯುವುದಿಲ್ಲ. ಯಂತ್ರದ ಒಳಗೇ ಬೇಕಾದಷ್ಟು ಸಾಕ್ಷಿ ಇದೆ.

ಮೊದಲು ಕುಲಮೂಲ. ಮಸಯುಕಿ ಉಎಮುರಾ ಎಂಬ ಎಂಜಿನಿಯರ್ ರೂಪಿಸಿದ ಫ್ಯಾಮಿಕಾಮ್ ಎಂಬ ಯಂತ್ರವನ್ನು ನಿಂಟೆಂಡೊ 1983ರ ಜುಲೈ 15ರಂದು ಜಪಾನಿನಲ್ಲಿ 14,800 ಯೆನ್ನಿಗೆ ಮಾರಾಟಕ್ಕೆ ಬಿಟ್ಟಿತು. ಅದರಲ್ಲಿ ಎರಡು ಮುಖ್ಯ ಚಿಪ್ಪುಗಳು: ಲೆಕ್ಕ ಮಾಡುವುದು, ಸದ್ದು ಹೊರಡಿಸುವುದು ಒಂದರ ಕೆಲಸ, ಚಿತ್ರ ಬಿಡಿಸುವುದು ಇನ್ನೊಂದರ ಕೆಲಸ. ನೆನಪಿನ ಜಾಗ ಎರಡೇ ಕಿಲೋಬೈಟ್. ಇದೇ ಯಂತ್ರ 1985ರಲ್ಲಿ ಎನ್‌ಇಎಸ್ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಹೋಗುವಾಗ ಎರಡು ಬದಲಾವಣೆ ಕಂಡಿತು. 60 ಪಿನ್ನಿನ ಕ್ಯಾಸೆಟ್ 72 ಪಿನ್ನಿನದಾಯಿತು. ಕಂಪನಿಯ ಒಪ್ಪಿಗೆ ಇಲ್ಲದ ಕ್ಯಾಸೆಟ್ ಓಡದಂತೆ ತಡೆಯುವ ಬೀಗದ ಚಿಪ್ಪೊಂದು ಒಳಗೆ ಸೇರಿತು. ಜಪಾನಿನ ಮೂಲ ಯಂತ್ರಕ್ಕೆ ಈ ಬೀಗ ಇರಲಿಲ್ಲ. ನಮ್ಮ ಕಥೆಯೆಲ್ಲ ಹೊರಟಿರುವುದು ಈ ಒಂದು ಸಂಗತಿಯಿಂದ. ಬೀಗವಿಲ್ಲದ ಯಂತ್ರವನ್ನು ನಕಲು ಮಾಡುವುದೂ ಅದಕ್ಕೆ ಕ್ಯಾಸೆಟ್ ಮಾಡುವುದೂ ಸುಲಭವಾಯಿತು. ತೈವಾನಿನ ಯುಎಂಸಿ ಎಂಬ ಚಿಪ್ ಕಂಪನಿ ಆ ಎರಡೂ ಚಿಪ್ಪುಗಳಿಗೆ ತನ್ನದೇ ಪ್ರತಿರೂಪ ತಯಾರಿಸಿತು. ಅವುಗಳ ಮೇಲೆ ಕಟ್ಟಿದ ಯಂತ್ರಗಳೇ ರಷ್ಯದಲ್ಲಿ ಡೆಂಡಿ, ಪೋಲೆಂಡಿನಲ್ಲಿ ಪೆಗಾಸಸ್, ಚೀನಾದಲ್ಲಿ ಸುಬೋರ್ ಆದವು; ಭಾರತದಲ್ಲಿ ಮೇಲೆ ಹೇಳಿದ ಹೆಸರುಗಳನ್ನು ಹೊತ್ತವು. ಹೊಸಪೇಟೆಯ ಟಿವಿ ಗೇಮ್ ಮಾಸ್ಕೋದ ಡೆಂಡಿಗೆ ಒಡಹುಟ್ಟು. ಅಮೆರಿಕದ ಎನ್‌ಇಎಸ್ ಅದಕ್ಕೆ ದೊಡ್ಡಪ್ಪನ ಮಗ. ಈ ನಂಟು ಗೊತ್ತಿಲ್ಲದೆ ಅದನ್ನು ಎನ್‌ಇಎಸ್‌ನ ಕಳಪೆ ಪ್ರತಿ ಎಂದು ತಳ್ಳಿಹಾಕುವುದು ವಾಡಿಕೆ. ಆ ಮಾತು ಎಷ್ಟು ಸರಿಯಿಲ್ಲ ಎಂಬುದು ಟಿವಿಯ ವಿಚಾರಕ್ಕೆ ಬಂದಾಗ ತಿಳಿಯುತ್ತದೆ.

ಜಪಾನ್, ಅಮೆರಿಕಗಳ ಟಿವಿ ಪದ್ಧತಿ ಎನ್‌ಟಿಎಸ್‌ಸಿ: 525 ಗೆರೆ, ಸೆಕೆಂಡಿಗೆ 60 ಬಾರಿ ಪರದೆ ತುಂಬುತ್ತದೆ. ನಮ್ಮದು ಪಾಲ್: 625 ಗೆರೆ, ಸೆಕೆಂಡಿಗೆ 50 ಬಾರಿ. ದೂರದರ್ಶನ 1982ರಲ್ಲಿ ಬಣ್ಣಕ್ಕೆ ತಿರುಗಿದ್ದು ಈ ಪದ್ಧತಿಯಲ್ಲೇ. ಜಪಾನಿನ ಫ್ಯಾಮಿಕಾಮನ್ನು ಹಾಗೇ ತಂದು ಕಂಪ್ಲಿಯ ಮನೆಯ ಟಿವಿಗೆ ಜೋಡಿಸಿದರೆ ಚಿತ್ರ ಸರಿಯಾಗಿ ನಿಲ್ಲುತ್ತಿರಲಿಲ್ಲ. ನಿಂಟೆಂಡೊ ಯೂರೋಪಿನ ಪಾಲ್ ಟಿವಿಗಾಗಿ ಬೇರೆ ಯಂತ್ರ ಮಾಡಿತು ನಿಜ. ಆದರೆ ಅದರಲ್ಲಿ ಮುಖ್ಯ ಚಿಪ್ಪಿನ ವೇಗ 1.79 ಮೆಗಾಹರ್ಟ್ಸ್‌ನಿಂದ 1.66ಕ್ಕೆ ಇಳಿಯಿತು, ಎರಡು ಚಿಪ್ಪುಗಳ ನಡುವಿನ ತಾಳವೂ ಬದಲಾಯಿತು. ಒಂದು ಚಿತ್ರ ಮುಗಿದು ಇನ್ನೊಂದು ಶುರುವಾಗುವ ನಡುವೆ ಸಿಗುವ ಚಿಕ್ಕ ಬಿಡುವಿನಲ್ಲಿ ಆಟವು ಪರದೆಯ ಚಿತ್ರಗಳನ್ನು ಬದಲಿಸಿಕೊಳ್ಳಬೇಕು. ಆ ಬಿಡುವಿನ ಅಳತೆ ಬದಲಾದ್ದರಿಂದ, ಜಪಾನಿನ ಗಡಿಯಾರವನ್ನೇ ನಂಬಿ ಬರೆದ ಕೆಲವು ಆಟಗಳು ಯೂರೋಪಿನ ಯಂತ್ರದಲ್ಲಿ ಎಡವಿದವು.

ಯುಎಂಸಿಯ ಎಂಜಿನಿಯರುಗಳು ಇದನ್ನು ಬೇರೆ ಬಗೆಯಲ್ಲಿ ಬಿಡಿಸಿದರು. ಮುಖ್ಯ ಚಿಪ್ಪಿನ ವೇಗವನ್ನು 1.77 ಮೆಗಾಹರ್ಟ್ಸ್‌ನಲ್ಲಿ, ಎಂದರೆ ಮೂಲಕ್ಕೆ ಕೂದಲೆಳೆಯಷ್ಟು ಹತ್ತಿರದಲ್ಲಿ ನಿಲ್ಲಿಸಿದರು. ಎರಡು ಚಿಪ್ಪುಗಳ ತಾಳ ಜಪಾನಿನದೇ ಉಳಿಯಿತು. ಪಾಲ್ ಪದ್ಧತಿ ಬೇಡುವ ಹೆಚ್ಚಿನ ಗೆರೆಗಳನ್ನು ಚಿತ್ರ ಮುಗಿದ ಮೇಲೆ ಸುಮ್ಮನೆ ಕಳೆದು, ಆಮೇಲಷ್ಟೇ ಬಿಡುವಿನ ಸೂಚನೆ ಕೊಟ್ಟರು. ಆಟಕ್ಕೆ ಸಿಗುವ ಬಿಡುವು ಮೂಲದಷ್ಟೇ ಉದ್ದ. ಹೀಗಾಗಿ ಜಪಾನಿನ ಕ್ಯಾಸೆಟ್ಟುಗಳು ಪಾಲ್ ಟಿವಿಯ ಮೇಲೆ ಅಡ್ಡಿಯಿಲ್ಲದೆ ಓಡಿದವು. ನನ್ನ ದೃಷ್ಟಿಯಲ್ಲಿ ಇದು ಕಳ್ಳ ಪ್ರತಿಯ ಕೆಲಸವಲ್ಲ, ಒಂದು ಕಷ್ಟದ ಪ್ರಶ್ನೆಗೆ ಮೂಲ ಕಂಪನಿಗಿಂತ ಚೊಕ್ಕವಾದ ಉತ್ತರ. ಶ್ರೇಷ್ಠತೆಯ ವಾದಗಳಲ್ಲಿ ಈ ಚಿಪ್ಪಿನ ಹೆಸರೇ ಬರುವುದಿಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ಇದರಿಂದ ಕಿವಿಗೆ ಆದ ಪರಿಣಾಮವನ್ನೂ ದಾಖಲಿಸಬೇಕು. ಫ್ಯಾಮಿಕಾಮ್ ಆಟಗಳಲ್ಲಿ ಸಂಗೀತದ ನಡಿಗೆ ಪರದೆ ತುಂಬುವ ಲೆಕ್ಕಕ್ಕೆ ಕಟ್ಟಿರುತ್ತದೆ. 60 ಇದ್ದದ್ದು 50 ಆದಾಗ ಹಾಡು ಆರರಲ್ಲೊಂದು ಪಾಲು ನಿಧಾನವಾಗುತ್ತದೆ. ಚಿಪ್ಪಿನ ವೇಗ ಹೆಚ್ಚುಕಡಿಮೆ ಮೊದಲಿನದೇ ಆದ್ದರಿಂದ ಶ್ರುತಿ ಮಾತ್ರ ಇಳಿಯುವುದಿಲ್ಲ. ಸಾಲದ್ದಕ್ಕೆ ಹಲವು ನಕಲು ಚಿಪ್ಪುಗಳಲ್ಲಿ ಸ್ವರದ ಅಲೆಯ ಆಕಾರವನ್ನು ಆರಿಸುವ ಎರಡು ಆಯ್ಕೆಗಳು ಅದಲುಬದಲಾಗಿದ್ದವು; ಅದೇ ಸ್ವರ, ಬೇರೆ ಕಂಠ. ಹೊಸಪೇಟೆಯಲ್ಲಿ ಟಿವಿ ಗೇಮಿನ ಮೇಲೆ ಕಾಂಟ್ರಾ ಆಡಿದವರು ಕೇಳಿದ ಸಂಗೀತ ಜಪಾನಿನ ಮಗು ಕೇಳಿದ್ದಲ್ಲ. ಇಂದು ಮೊಬೈಲಿನಲ್ಲಿ ಅದೇ ಆಟ ಹಾಕಿ, ಏನೋ ಅವಸರದಲ್ಲಿದೆ, ದನಿ ಬೇರೆ ಇದೆ ಎಂದು ಯಾರಿಗಾದರೂ ಅನ್ನಿಸಿದರೆ ಅವರ ನೆನಪು ಸುಳ್ಳಲ್ಲ.

ಇನ್ನು ಆಟಗಳು. ನಮ್ಮ ಕಡೆ ಎಲ್ಲರೂ ಆಡಿದ ಟ್ಯಾಂಕಿನ ಆಟದ ಹೆಸರು ಬ್ಯಾಟಲ್ ಸಿಟಿ. ನಾಮ್ಕೊ ಕಂಪನಿ 1985ರಲ್ಲಿ ಫ್ಯಾಮಿಕಾಮ್‌ಗೆ ತಂದದ್ದು. ಅಮೆರಿಕದ ಎನ್‌ಇಎಸ್‌ಗೆ ಇದು ಅಧಿಕೃತವಾಗಿ ಹೋಗಲೇ ಇಲ್ಲ. ಸರ್ಕಸ್ ಚಾರ್ಲಿಯ ಕ್ಯಾಸೆಟ್ಟಿನ ಕಥೆಯೂ ಅಷ್ಟೇ. ಅಂದಮೇಲೆ ಎನ್‌ಇಎಸ್ ಎಷ್ಟನೇ ಸ್ಥಾನದಲ್ಲಿರಬೇಕು ಎಂದು ಅಮೆರಿಕದ ವಿಮರ್ಶಕ ತೂಗುವಾಗ, ಕಂಪ್ಲಿಯಿಂದ ಮಾಸ್ಕೋವರೆಗೆ ಕೋಟ್ಯಂತರ ಮಕ್ಕಳು ದಿನವೂ ಆಡಿದ ಆಟವೊಂದು ಅವನ ತಕ್ಕಡಿಯಲ್ಲಿ ಇರುವುದೇ ಇಲ್ಲ. ಬ್ಯಾಟಲ್ ಸಿಟಿಯಲ್ಲಿ 35 ಹಂತಗಳಿವೆ. ಒಂದೊಂದರಲ್ಲೂ 20 ಶತ್ರು ಟ್ಯಾಂಕು. ಕೆಳಗೆ ಇಟ್ಟಿಗೆ ಗೋಡೆಯೊಳಗಿನ ಹದ್ದನ್ನು ಕಾಯಬೇಕು. ಇಬ್ಬರು ಒಂದೇ ಪಕ್ಷದಲ್ಲಿ ಒಟ್ಟಿಗೆ ಆಡಬಹುದು. ಜೊತೆಗಾರನ ಗುಂಡು ತಗುಲಿದರೆ ನಮ್ಮ ಟ್ಯಾಂಕು ಕೆಲಕ್ಷಣ ಮರಗಟ್ಟಿ ನಿಲ್ಲುತ್ತದೆ. ಓಣಿಯ ಅರ್ಧ ಜಗಳಗಳ ಮೂಲ ಅದು. ಎಲ್ಲಕ್ಕಿಂತ ಮುಖ್ಯವಾಗಿ ಅದರಲ್ಲಿ ಆಡುವವರೇ ಇಟ್ಟಿಗೆ, ಉಕ್ಕು, ನೀರು, ಕಾಡು ಜೋಡಿಸಿ ತಮ್ಮ ಅಂಕಣವನ್ನು ತಾವೇ ಕಟ್ಟಿಕೊಳ್ಳುವ ಅವಕಾಶವಿತ್ತು. 1985ರ ಆಟವೊಂದರಲ್ಲಿ ಇದು ಸಣ್ಣ ಮಾತಲ್ಲ.

ಸೂಪರ್ ಮಾರಿಯೊ ಬ್ರದರ್ಸ್ ಬಗ್ಗೆ ಹೊಸದಾಗಿ ಹೇಳುವುದೇನಿಲ್ಲ; ಇಡೀ ಆಟ 40 ಕಿಲೋಬೈಟಿನಲ್ಲಿ ಮುಗಿಯುತ್ತದೆ ಎಂಬುದನ್ನಷ್ಟು ನೆನಪಿಸಿದರೆ ಸಾಕು. ಈ ಕಿರಿಗಾತ್ರವೇ ಒಂದು ಕ್ಯಾಸೆಟ್ಟಿನಲ್ಲಿ ಹತ್ತಾರು ಆಟ ತುಂಬಲು ದಾರಿಯಾಯಿತು. ಕ್ಯಾಸೆಟ್ಟಿನ ಮೇಲೆ 9999 ಎಂದು ಬರೆದಿದ್ದರೂ ಒಳಗಿದ್ದವು ಕೆಲವೇ ಆಟಗಳು. ಉಳಿದವೆಲ್ಲ ಅದೇ ಆಟ ಬೇರೆ ಹಂತದಿಂದ, ಬೇರೆ ಸಂಖ್ಯೆಯ ಪ್ರಾಣಗಳಿಂದ ಶುರುವಾಗುವಂಥವು. ಗ್ರಾಹಕನಿಗೆ ಇದು ಮೋಸವೇ. ಆದರೂ ಒಂದು ಕ್ಯಾಸೆಟ್ ಕೊಂಡ ಮನೆಗೆ ಟ್ಯಾಂಕು, ಬೈಕು, ಸರ್ಕಸ್ಸು, ಬಾತುಕೋಳಿ ಬೇಟೆ ಎಲ್ಲ ಒಟ್ಟಿಗೆ ಬಂದವು. ಒಂದೊಂದು ಆಟಕ್ಕೂ ಒಂದೊಂದು ಕ್ಯಾಸೆಟ್ಟಿನ ಪೂರ್ತಿ ಬೆಲೆ ಕೊಡಬೇಕಾಗಿದ್ದರೆ ಈ ಸೀಮೆಯಲ್ಲಿ ಎಷ್ಟು ಮನೆಗಳು ಕೊಳ್ಳುತ್ತಿದ್ದವು?

ಗನ್ನಿನ ಬಗ್ಗೆ ಒಂದು ಮಾತು ಅಗತ್ಯ, ಏಕೆಂದರೆ ಮುಂದಿನ ತಲೆಮಾರಿಗೆ ಅದನ್ನು ತೋರಿಸುವುದೇ ಕಷ್ಟವಾಗಲಿದೆ. ಕುದುರೆ ಒತ್ತಿದ ಕ್ಷಣ ಪರದೆ ಕಪ್ಪಾಗುತ್ತದೆ, ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತದೆ. ಗನ್ನಿನೊಳಗಿನ ಬೆಳಕಿನ ಕಣ್ಣು ಆ ಬಿಳಿಯನ್ನು ಕಂಡರೆ ಗುರಿ ಮುಟ್ಟಿತು. ಬೆಳಕು ಹಾಯುವುದು ಟಿವಿಯಿಂದ ಗನ್ನಿಗೆ. ಗನ್ನಿನಿಂದ ಟಿವಿಗೆ ಏನೂ ಹೋಗುವುದಿಲ್ಲ. ಹಳೆಯ ಪಿಕ್ಚರ್ ಟ್ಯೂಬಿನ ಟಿವಿ ಚಿತ್ರವನ್ನು ತಡವಿಲ್ಲದೆ ತೋರಿಸುತ್ತಿದ್ದುದರಿಂದ ಈ ಲೆಕ್ಕ ಕೂಡಿಬರುತ್ತಿತ್ತು. ಇಂದಿನ ಚಪ್ಪಟೆ ಟಿವಿಗಳು ಚಿತ್ರವನ್ನು ಸಂಸ್ಕರಿಸಿ ತೋರಿಸುವಷ್ಟರಲ್ಲಿ ಆ ಕ್ಷಣ ಕಳೆದಿರುತ್ತದೆ, ಗನ್ನು ಕುರುಡಾಗುತ್ತದೆ. ಯಂತ್ರ ಉಳಿಸಿಕೊಂಡವರು ಒಂದು ಟ್ಯೂಬ್ ಟಿವಿಯನ್ನೂ ಉಳಿಸಿಕೊಳ್ಳಬೇಕು.

ರಿಪೇರಿಯ ವಿಚಾರವನ್ನು ವಿಮರ್ಶಕರು ಎಣಿಕೆಗೇ ತೆಗೆದುಕೊಳ್ಳುವುದಿಲ್ಲ. ನಮ್ಮ ಕಡೆ ಅದೇ ನಿರ್ಣಾಯಕ. ಟಿವಿ ಗೇಮ್ ಓಡುತ್ತಿದ್ದದ್ದು 9 ವೋಲ್ಟಿನ ಎಲಿಮಿನೇಟರಿನ ಮೇಲೆ. ಒಳಗೆ 7805 ಎಂಬ ಮೂರು ಕಾಲಿನ ಬಿಡಿಭಾಗ ಅದನ್ನು 5 ವೋಲ್ಟಿಗೆ ಇಳಿಸುತ್ತಿತ್ತು. ಎರಡೂ ಯಾವುದೇ ರೇಡಿಯೋ ರಿಪೇರಿ ಅಂಗಡಿಯಲ್ಲಿ ಸಿಗುವಂಥವು. ಟಿವಿಗೆ ಜೋಡಣೆ ಆಂಟೆನಾ ತೂತಿನಿಂದ. ಹಳೆಯ ಕಪ್ಪುಬಿಳುಪು ಪೋರ್ಟಬಲ್ ಟಿವಿಯಾದರೂ ಆಗುತ್ತಿತ್ತು. ಕರೆಂಟು ಹೋದರೆ ಆಟ ಹೋಯಿತು, ಅದೇನೋ ನಿಜ. ಆದರೆ ಹೋದದ್ದು ಕಾಲು ಗಂಟೆ, ಅರ್ಧ ಗಂಟೆಯ ಆಟ. ಎಂಟು ಹಂತದ ಕಾಂಟ್ರಾವನ್ನು ಕೈಪಳಗಿದವರು ಅಷ್ಟರಲ್ಲಿ ಮುಗಿಸುತ್ತಿದ್ದರು. ಲೋಡ್ ಶೆಡ್ಡಿಂಗಿನ ಊರಿಗೆ ಚಿಕ್ಕ ಆಟಗಳೇ ಹೊಂದಿಕೆ. ಕ್ಯಾಸೆಟ್ ಹಿಡಿಯದಿದ್ದರೆ ಅದರ ಬಾಯಿಗೆ ಊದುವುದು ಎಲ್ಲ ಕಡೆಯ ಮಕ್ಕಳ ರೂಢಿ. ಊದಿದ ತೇವ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಕಾಲಕ್ರಮದಲ್ಲಿ ತಿನ್ನುತ್ತದೆ. ಕೆಲಸ ಮಾಡಿದ್ದು ಉಸಿರಲ್ಲ, ಮತ್ತೆ ತೆಗೆದು ಹಾಕಿದಾಗ ಸಂಪರ್ಕ ಸರಿಯಾದದ್ದು.

ಎದುರಾಳಿಗಳನ್ನು ನ್ಯಾಯವಾಗಿ ನೋಡೋಣ. ಜಪಾನಿನಲ್ಲಿ 1988ರಲ್ಲಿ ಬಂದ ಮೆಗಾ ಡ್ರೈವ್ ಯಂತ್ರವಾಗಿ ಬಹಳ ಮೇಲಿನದು. ಮೊಟೊರೊಲಾ 68000 ಚಿಪ್ಪು, 64 ಕಿಲೋಬೈಟ್ ನೆನಪು, ಪರದೆಯ ಮೇಲೆ ಒಮ್ಮೆಗೆ 64 ಬಣ್ಣ. ಫ್ಯಾಮಿಕಾಮ್ ಒಮ್ಮೆಗೆ ತೋರಿಸುವುದು 25 ಬಣ್ಣ, ಒಂದು ಗೆರೆಯ ಮೇಲೆ ಎಂಟಕ್ಕಿಂತ ಹೆಚ್ಚು ಬಿಡಿಚಿತ್ರ ಬಂದರೆ ಮಿನುಗಿ ಮಾಯವಾಗುತ್ತವೆ. ಇದನ್ನು ಒಪ್ಪಲೇಬೇಕು. ಆದರೆ ಶಾ ವಾಲೇಸ್ ಸಂಸ್ಥೆ 1995ರಲ್ಲಿ ಅದನ್ನು ಭಾರತಕ್ಕೆ ತಂದಾಗ ಬೆಲೆ 18,000 ರೂಪಾಯಿ. ನಕಲು ಯಂತ್ರದ ಬೆಲೆ ಅದರ ಸಣ್ಣದೊಂದು ಪಾಲು. ಕಾಣಲು ಸಿಗದ ಯಂತ್ರ ಎಷ್ಟು ಶ್ರೇಷ್ಠವಾದರೂ ಒಂದು ಸೀಮೆಯ ಚರಿತ್ರೆಯಲ್ಲಿ ಅದಕ್ಕೆ ಹೆಚ್ಚಿನ ಸ್ಥಾನ ಕೊಡಲಾಗದು. ಸೂಪರ್ ನಿಂಟೆಂಡೊಗೂ ಇದೇ ಮಾತು.

ನಿಜವಾದ ಎದುರಾಳಿ ಪ್ಲೇಸ್ಟೇಷನ್ 2. ಜಪಾನಿನಲ್ಲಿ 2000ದ ಮಾರ್ಚ್ 4ರಂದು ಬಂದ ಈ ಯಂತ್ರ ಜಗತ್ತಿನಲ್ಲಿ 16 ಕೋಟಿ ಮಾರಾಟವಾಗಿದೆ; ಎನ್‌ಇಎಸ್ ಮತ್ತು ಫ್ಯಾಮಿಕಾಮ್ ಸೇರಿ 6.19 ಕೋಟಿ. ಅದು ಡಿವಿಡಿ ಪ್ಲೇಯರ್ ಕೂಡ ಆಗಿತ್ತು, ಹಾಗಾಗಿ ಮನೆಯ ಹಿರಿಯರನ್ನು ಒಪ್ಪಿಸುವುದು ಸುಲಭ. ಬಳ್ಳಾರಿ ಜಿಲ್ಲೆಯಲ್ಲಿ ಅದಿರಿನ ಲಾರಿಗಳು ಸಾಲುಗಟ್ಟಿ ಓಡಿದ ವರ್ಷಗಳೂ ಈ ಯಂತ್ರದ ವರ್ಷಗಳೂ ಒಂದೇ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು, 2013ರ ಜನವರಿಯಲ್ಲಿ ಸೋನಿ ಪಿಎಸ್ 2 ತಯಾರಿಕೆ ನಿಲ್ಲಿಸಿತು. ಕ್ರಿಕೆಟ್ 07 ಎಂಬ ಒಂದೇ ಆಟ ಸಾಕು, ಇದರ ಪರ ವಾದ ಕಟ್ಟಲು. ಸೋನಿ ಭಾರತಕ್ಕೆಂದೇ ಆಟಗಳನ್ನೂ ಮಾಡಿಸಿತು. ಹೈದರಾಬಾದಿನ ಕಂಪನಿಗಳು ಮಾಡಿದ ‘ಹನುಮಾನ್: ಬಾಯ್ ವಾರಿಯರ್’ ಮತ್ತು ಕಬಡ್ಡಿ, ಚಿಣ್ಣಿದಾಂಡು, ಗಾಳಿಪಟಗಳ ‘ದೇಸಿ ಅಡ್ಡಾ’ ಎರಡೂ 2009ರವು. ಭಾರತದಲ್ಲಿ ಪಿಎಸ್ 2ಗೆ ತಯಾರಾದ ಮೊದಲ ಆಟದ ನಾಯಕ ಹನುಮ. ಅವನು ಹುಟ್ಟಿದ್ದೆಂದು ಜನ ನಂಬುವ ಅಂಜನಾದ್ರಿ ಹಂಪಿಯ ಎದುರು ದಡದಲ್ಲೇ ಇದೆ. ಆ ಆಟ ನಮ್ಮ ಸೀಮೆಯ ಹೆಮ್ಮೆಯಾಗಬಹುದಿತ್ತು. ಆಟವಾಗಿ ಮಾತ್ರ ಅದು ತೀರ ಸಪ್ಪೆ, ಅವಕಾಶ ಕೈತಪ್ಪಿತು.

ಇಷ್ಟಾದರೂ ಪಿಎಸ್ 2 ಎರಡನೆಯದೇ. ಅದರ ಪ್ರಾಣ ಒಂದು ಲೇಸರ್ ಲೆನ್ಸಿನಲ್ಲಿದೆ. ಧೂಳಿಗೆ ಅದು ಸೋಲುತ್ತದೆ. ಹೊಸಪೇಟೆ–ಸಂಡೂರು ರಸ್ತೆಯ ಬದಿಯ ಮನೆಗಳಲ್ಲಿ ಕೆಂಪು ಧೂಳಿನ ಮಾತು ಬಿಡಿಸಿ ಹೇಳಬೇಕಿಲ್ಲ. ಲೆನ್ಸು ಸವೆದರೆ ಡಿಸ್ಕು ಓದದು. 7805 ಬದಲಿಸಿದಷ್ಟು ಸಲೀಸಾಗಿ ಅದನ್ನು ಬದಲಿಸಲಾಗದು. ಚಲಿಸುವ ಭಾಗವೇ ಇಲ್ಲದ ಟಿವಿ ಗೇಮ್ ಈ ಪರೀಕ್ಷೆಯಲ್ಲಿ ಸೋಲುವುದಿಲ್ಲ.

ಟಿವಿ ಗೇಮಿನ ವಿರುದ್ಧ ಇರುವ ಗಟ್ಟಿಯಾದ ಆಕ್ಷೇಪ ನೈತಿಕವಾದದ್ದು. ಈ ಯಂತ್ರಗಳೂ ಕ್ಯಾಸೆಟ್ಟುಗಳೂ ಬಹುಪಾಲು ಅನುಮತಿ ಇಲ್ಲದೆ ಮಾಡಿದವು. ಆಟ ಕಟ್ಟಿದವರಿಗೆ ಕಾಸು ಸೇರಲಿಲ್ಲ. ಅನೇಕ ಕ್ಯಾಸೆಟ್ಟುಗಳಲ್ಲಿ ಕಂಪನಿಯ ಹೆಸರು, ಇಸವಿ ಕೂಡ ಅಳಿಸಿಹಾಕಿದ್ದರು. ನಮ್ಮ ತಲೆಮಾರು ನಾಮ್ಕೊ, ಕೊನಾಮಿ, ಹಡ್ಸನ್ ಕಂಪನಿಗಳ ಕೆಲಸವನ್ನು ಕರ್ತೃವಿಲ್ಲದ ಜನಪದದಂತೆ ಉಂಡಿತು. ಆ ಋಣವನ್ನು ಬರೆದಿಡುವುದು ಸಂಶೋಧಕನ ಹೊಣೆ. ಯಂತ್ರ ಮೇಲೆಂದು ತೀರ್ಪು ಕೊಡುವುದಕ್ಕೂ ಮಾರಾಟದ ರೀತಿಯನ್ನು ಒಪ್ಪುವುದಕ್ಕೂ ವ್ಯತ್ಯಾಸವಿದೆ.

ಹಂಪಿಯನ್ನು ಈ ಟಿಪ್ಪಣಿಯೊಳಗೆ ತಂದಿರುವುದಕ್ಕೆ ಕಾರಣವಿದೆ. ಅಲ್ಲಿನ ಮಂಟಪಗಳ ಹಾಸುಗಲ್ಲುಗಳ ಮೇಲೆ, ಬಂಡೆಗಳ ಮೇಲೆ ಆಟದ ಅಂಕಣಗಳನ್ನು ಕೊರೆದಿದ್ದಾರೆ: ಒಂದರೊಳಗೊಂದು ಮೂರು ಚೌಕದ ನವಕಂಕರಿ, ಹುಲಿ ಆಡಿನ ಆಟದ ತ್ರಿಕೋನ, ಅಳಗುಳಿಮಣೆಯ ಗುಳಿಗಳು. ವಿಜಯನಗರದ ಅವಶೇಷಗಳನ್ನು ದಶಕಗಳ ಕಾಲ ಅಳೆದು ದಾಖಲಿಸಿದ ಜಾನ್ ಫ್ರಿಟ್ಸ್ ಇವುಗಳ ಬಗೆಗೂ ಬರೆದಿದ್ದಾರೆ. ಅಂಕಣ ಉಳಿದಿದೆ, ಆಡಿದವರು ಯಾರು, ಯಾವ ಹೊತ್ತಿನಲ್ಲಿ, ಯಾವ ಪಣಕ್ಕೆ, ನಿಯಮಗಳಲ್ಲಿ ಊರೂರಿಗೆ ಏನು ಭೇದ ಎಂಬುದು ಕಲ್ಲಿನ ಮೇಲಿಲ್ಲ. ಹಾಸುಗಲ್ಲು ಯಾವಾಗ ಹಾಕಿದ್ದೆಂದು ಗೊತ್ತಿದ್ದರೂ ಅಂಕಣ ಅದಾದ ಮೇಲೆ ಯಾವಾಗ ಬೇಕಾದರೂ ಕೊರೆದದ್ದಿರಬಹುದು. ಟಿವಿ ಗೇಮಿನ ವಿಷಯದಲ್ಲಿ ನಮಗೆ ಆ ಕಷ್ಟವಿಲ್ಲ, ಏಕೆಂದರೆ ಆಡಿದವರು ಇನ್ನೂ ನಾಲ್ವತ್ತರ ಆಸುಪಾಸಿನಲ್ಲಿದ್ದಾರೆ. ಸೋತವನು ರಿಮೋಟ್ ಯಾರಿಗೆ ಕೊಡಬೇಕು, ಕ್ಯಾಸೆಟ್ ಒಯ್ದವನು ಎಷ್ಟು ದಿನಕ್ಕೆ ಮರಳಿಸಬೇಕು, ಕ್ರಿಕೆಟ್ ಮ್ಯಾಚ್ ಬಂದ ದಿನ ಟಿವಿ ಯಾರ ಪಾಲು: ಈ ನಿಯಮಗಳು ಯಾವ ಕೈಪಿಡಿಯಲ್ಲೂ ಇಲ್ಲ.

ಆದ್ದರಿಂದ ಹೊಸಪೇಟೆ, ಕಂಪ್ಲಿ, ಸಂಡೂರು, ಕಮಲಾಪುರದ ಓದುಗರಲ್ಲಿ, ಹಂಪಿ ಕನ್ನಡ ವಿಶ್ವವಿದ್ಯಾಲಯದ ಜಾನಪದ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಅಟ್ಟದ ಮೇಲೆ ಹಳೆಯ ಟಿವಿ ಗೇಮ್ ಇದ್ದರೆ, ಸಿಕ್ಕ ಎಲಿಮಿನೇಟರ್ ಚುಚ್ಚಿ ಕೂಡಲೇ ಹಚ್ಚಬೇಡಿ. ವೋಲ್ಟೂ ಪ್ಲಸ್ ಮೈನಸ್ಸೂ ಸರಿಯಿವೆಯೇ ಎಂದು ಗೊತ್ತಿದ್ದವರಿಂದ ನೋಡಿಸಿ. ಕ್ಯಾಸೆಟ್ಟಿನ ಮೆನುವಿನಲ್ಲಿರುವ ಆಟಗಳ ಹೆಸರನ್ನು ಇದ್ದ ಹಾಗೆ ಬರೆದುಕೊಳ್ಳಿ. ಯಾವ ವರ್ಷ, ಯಾವ ಊರಿನಲ್ಲಿ, ಎಷ್ಟಕ್ಕೆ ಕೊಂಡದ್ದು, ಯಾರು ಯಾರು ಬಂದು ಆಡುತ್ತಿದ್ದರು ಎಂದು ಮನೆಯವರನ್ನು ಕೇಳಿ ಪಕ್ಕದಲ್ಲಿ ಬರೆಯಿರಿ. ಆಮೇಲೆ ತಳದ ಸ್ಕ್ರೂ ಬಿಚ್ಚಿ ಒಳಗಿನ ಹಲಗೆಯ ಫೋಟೋ ತೆಗೆಯಿರಿ. ಕರಿ ಗೋಂದಿನ ಒಂದೇ ಬೊಟ್ಟು ಕಂಡರೆ ಅದು ಎಲ್ಲವನ್ನೂ ಒಂದೇ ಚಿಪ್ಪಿನಲ್ಲಿ ಅಡಗಿಸಿದ ನಂತರದ ಕಾಲದ ಯಂತ್ರ. ಕಾಲುಗಳಿರುವ ಎರಡು ಉದ್ದನೆಯ ಚಿಪ್ಪುಗಳಿದ್ದು ಅವುಗಳ ಮೇಲೆ ಯುಎ 6527, ಯುಎ 6538 ಎಂಬ ಅಂಕಿಗಳು ಕಂಡರೆ ಅದು ಮೊದಲ ಪೀಳಿಗೆಯದು; ಅದನ್ನು ಗುಜರಿಗೆ ಹಾಕಬೇಡಿ.